ಖಾಲಿ ಕಳಿಸಬಾರದ ತಟ್ಟೆ

ವೆಳ್ಳವತ್ತೆ, ಕೊಲಂಬೊ
ಏಪ್ರಿಲ್ 17, 2024

ಪ್ರೀತಿಯ ಅಕ್ಕಾ,

ಅಪ್ಪನ ತಟ್ಟೆ ಬಂತು! ಹೊಸ ವರ್ಷದ ತಟ್ಟೆ, ಅಮ್ಮನ ಕಾಲದ ಆ ನೀಲಿ ಹೂವಿನ ಪಿಂಗಾಣಿ ತಟ್ಟೆ, ನಿನ್ನೆ ಬಂಡಾರವೆಲದಿಂದ ಬಸ್ಸಿನಲ್ಲಿ ಒಂದು ಚೂರೂ ಒಡೆಯದೆ ಬಂತು! ತಟ್ಟೆ ತುಂಬ ಕರಿದ ತಿಂಡಿ: ಎಂಟು ಬೆಲ್ಲದ ಕವುಂ, ಗರಿಗರಿ ಕೊಕಿಸ್ ಒಂದು ರಾಶಿ. ನಾನು ಬಾಗಿಲಲ್ಲೇ ಕುಣಿದುಬಿಟ್ಟೆ. "ಅಪ್ಪ ಕಳಿಸಿದ್ದಾರೆ!" ಎಂದು ಕೂಗಿದ್ದು ಮೂರನೇ ಮಹಡಿಯವರಿಗೂ ಕೇಳಿಸಿರಬೇಕು.

ನಿನ್ನ ಎರಡು ಪತ್ರಗಳಿಗೆ ಉತ್ತರ ಬರೆಯಲಿಲ್ಲ, ಬೈಯಬೇಡ. ಫೋನ್ ಮಾಡಿದರೆ ಅಪ್ಪ ಪಕ್ಕದಲ್ಲೇ ಇರುತ್ತಾರೆ, ನೀನು ಬರೀ "ಹೂಂ, ಹೂಂ" ಎನ್ನುತ್ತೀ. ಬರೆಯೋಣವೆಂದರೆ ಆಫೀಸಿನಿಂದ ಬಂದ ಮೇಲೆ ಪೆನ್ನು ಹಿಡಿಯುವ ತ್ರಾಣವೂ ಉಳಿದಿರುವುದಿಲ್ಲ. ಮದುವೆಯಾಗಿ ಏಳು ವಾರವಾದವಳು ಬರೆಯುವ ಮಾತೇ ಇದು? ಆದರೆ ನಮ್ಮ ಟೂರಿಸ್ಟ್ ಆಫೀಸಿನ ಆರು ಕುರ್ಚಿಗಳಲ್ಲಿ ನಾಲ್ಕು ಖಾಲಿ. ಅವರೆಲ್ಲ ಪಾಸ್‌ಪೋರ್ಟ್ ಮಾಡಿಸಿಕೊಂಡು ದೇಶ ಬಿಟ್ಟು ಹೋದರು. ಇಲ್ಲಿಗೆ ಬರಬಯಸುವ ಪ್ರವಾಸಿಗರಿಗೆ ಉತ್ತರ ಬರೆಯಲು ಉಳಿದವಳು ನಾನು. ಈಗ ನಿಮ್ಮ ದೇಶ ಆಳುವವರು ಯಾರು? ಪೆಟ್ರೋಲಿನ ಸಾಲು ಮುಗಿಯಿತೇ? ರಾತ್ರಿ ಫ್ಯಾನ್ ತಿರುಗುತ್ತದೆಯೇ? ಚುನಾವಣೆ ಬಂದರೆ ಗಲಾಟೆಯಾಗುತ್ತದೆಯೇ? ದಿನಕ್ಕೆ ಮೂವತ್ತು ಸಲ ಅದೇ ನಾಲ್ಕು ಪ್ರಶ್ನೆ, ನಗುಮುಖದ ಅದೇ ನಾಲ್ಕು ಉತ್ತರ. ನನ್ನ ದೇಶದ ಬಗ್ಗೆ ನನಗೇ ಬೇಸರ ಬಂದಿದೆ ಅಕ್ಕಾ.

ಕೊನೆಗೆ ನಮ್ಮ ಮೇಡಂ ಮಿಸಸ್ ಲುಡೋವೈಕ್, "ಎಲ್ಲಾ ಒಂದೇ ಹಾಳೇಲಿ ಬರೆದುಬಿಡು ಮಗೂ, ಅಚ್ಚು ಹಾಕಿಸಿ ಎಲ್ಲರಿಗೂ ಕಳಿಸೋಣ" ಎಂದರು. ಬರೆದೆ. ಆ ನಾಲ್ಕರ ಜೊತೆ ಆಗೀಗ ಬರುವ ಐದನೆಯ ಪ್ರಶ್ನೆಯ ಹತ್ತಿರ ಕೈ ನಿಂತಿತು: ಸಿಂಹಳೀಯರೂ ತಮಿಳರೂ ಈಗ ಹೊಂದಿಕೊಂಡು ಬಾಳುತ್ತಿದ್ದೀರಾ?

ನಮ್ಮ ಸಿಂಹಳ ಮನೆಯ ಗೋಡೆಯ ಮೇಲೆ ಸೈನ್ಯದ ಸಮವಸ್ತ್ರದಲ್ಲಿರುವ ಚಿಕ್ಕಪ್ಪನ ಫೋಟೊ, ಇಲ್ಲಿ ನನ್ನ ತಮಿಳು ಗಂಡನ ಮನೆಯ ಗೋಡೆಯ ಮೇಲೆ ಕುಗನ್‌ನ ಅಣ್ಣನ ಫೋಟೊ. ಒಂದೇ ಯುದ್ಧ. ಎರಡೂ ಮನೆಯಲ್ಲಿ ಸಂಜೆ ದೀಪ ಹಚ್ಚುತ್ತಾರೆ. ಅದನ್ನೇ ಬರೆದುಕೊಟ್ಟೆ. ಮೇಡಂ ಕನ್ನಡಕ ತೆಗೆದು ಒರೆಸಿಕೊಂಡರು. "ಚೆನ್ನಾಗಿದೆ ಮಗೂ. ಆದ್ರೆ ಅವ್ರು ಬರೋದು ಸಮುದ್ರ ನೋಡೋಕೆ. ಇದನ್ನ ಓದಿದ್ರೆ ವಿಮಾನಾನೇ ಹತ್ತಲ್ಲ. 'ಹೌದು' ಅಂತ ಹಾಕು, ಸಾಕು."

ಹಾಕಿದೆ. ನಾಳೆ ಅಚ್ಚಿಗೆ ಹೋಗುತ್ತದೆ.

ಇವತ್ತು ಬೇಗ ಮನೆಗೆ ಬಂದರೆ ಅತ್ತೆ ಬಾಣಲೆಯ ಮುಂದೆ ಬೆವರುತ್ತ ನಿಂತಿದ್ದಾರೆ. "ಏನಮ್ಮಾ ನೋಡ್ತಾ ನಿಂತ್ಕೊಂಡೆ? ತಟ್ಟೆ ಬಂದ್ಮೇಲೆ ಖಾಲಿ ವಾಪಸ್ ಕಳಿಸೋಕಾಗುತ್ತಾ? ನಿಮ್ಮಪ್ಪ ನಮ್ಮನ್ನ ಏನಂದ್ಕೊಂಡಾರು?" ಮುರುಕು, ಎಳ್ಳುಂಡೆ, ಹೆಸರುಹಿಟ್ಟಿನ ಪಯತ್ತಂ ಉಂಡೆ, ಅಡುಗೆಮನೆಯಲ್ಲಿ ಕಾಲಿಡಲು ಜಾಗವಿಲ್ಲ. ಕುಗನ್ ಒಂದು ಮುರುಕು ಎಗರಿಸಿ, "ನನ್ನ ಮದುವೆಗೂ ಇಷ್ಟು ಕರಿದಿರ್ಲಿಲ್ವಲ್ಲಮ್ಮಾ" ಎಂದ. ಅತ್ತೆ ಅವನ ಕೈಗೆ ಸೌಟಿನಿಂದ ತಟ್ಟಿ, "ಬೀಗರು ಬಂದಿದ್ರೆ ಕರೀತಿದ್ದೆ ಕಣೋ" ಎಂದರು. ಎಲ್ಲರೂ ನಕ್ಕೆವು. ನಾನು ಸ್ವಲ್ಪ ಹೆಚ್ಚೇ ನಕ್ಕೆ.

ನನ್ನನ್ನು ಹರಸು ಅಕ್ಕಾ. ನಿನ್ನ ಮೊಣಕಾಲಿಗೆ ಎಣ್ಣೆ ಹಚ್ಚಿಕೊಳ್ಳುವುದನ್ನು ಮರೆಯಬೇಡ.

ನಿನ್ನ ಸೆರಗು ಹಿಡಿದೇ ಬೆಳೆದ ತಂಗಿ,
ತರಿಂದಿ

ಮರೆತಿದ್ದು: ತಟ್ಟೆ ಕಳಿಸಿದ್ದು ನೀನೇ. ಕುಣಿದಾದ ಮೇಲೆ, ತಟ್ಟೆಗೆ ಸುತ್ತಿದ್ದ ಟವೆಲಿನ ಗಂಟು ಬಿಚ್ಚುವಾಗ ಗೊತ್ತಾಯಿತು. ಅಪ್ಪ ಗಂಟು ಹಾಕಿದರೆ ಕತ್ತರಿಯೇ ಬೇಕು. ಇದು ಒಂದು ತುದಿ ಎಳೆದ ಕೂಡಲೇ ಬಿಚ್ಚಿಕೊಂಡಿತು, ನೀನು ನನ್ನ ಶಾಲೆಯ ಶೂಗೆ ಹಾಕುತ್ತಿದ್ದ ಗಂಟು. ಅತ್ತೆಗೆ ಹೇಳಲಿಲ್ಲ. ಏಳು ವಾರದಲ್ಲಿ ಅವರು ಇಷ್ಟು ಹುರುಪಿನಿಂದ ಓಡಾಡಿದ್ದನ್ನು ನಾನು ನೋಡಿರಲಿಲ್ಲ. ಮದುವೆಯ ದಿನ ರಿಜಿಸ್ಟ್ರಾರ್ ಆಫೀಸಿನಲ್ಲಿ ಅಪ್ಪ ಬಂದೇ ಬರುತ್ತಾರೆಂದು ಕುರ್ಚಿ ಹಿಡಿದುಕೊಂಡು ಕಾದಿದ್ದವರೂ ಅವರೇ. ಸಾಕ್ಷಿಯ ಸಹಿ ಕೊನೆಗೆ ಮೇಡಂ ಹಾಕಿದರು.

ಆದರೆ ಅಮ್ಮನ ತಟ್ಟೆ ಕಪಾಟಿನಲ್ಲಿಲ್ಲದ್ದು ಅಪ್ಪನ ಕಣ್ಣಿಗೆ ಬೀಳದೆ ಇರುತ್ತದೆಯೇ? ಎಲ್ಲಿ ಎಂದು ನಿನ್ನನ್ನು ಕೇಳಿದರೇ? ಕಂಡೂ ಕೇಳಿರದಿದ್ದರೆ ನನಗೆ ಅಷ್ಟೇ ಸಾಕು. ಮನೆಬಾಗಿಲಿಗೆ ಬಂದ ತುಂಬಿದ ತಟ್ಟೆಯನ್ನು ಅಪ್ಪ ಯಾವತ್ತೂ ತಿರುಗಿಸಿ ಕಳಿಸಿದವರಲ್ಲ. ಈ ಸಲ ಅದನ್ನು ಕುಗನ್ ಹಿಡಿದಿರುತ್ತಾನೆ, ನಾನು ಪಕ್ಕದಲ್ಲಿರುತ್ತೇನೆ. ಅಪ್ಪನಿಗೆ ಮೊದಲೇ ಹೇಳು, ಬಚ್ಚಿಡಬೇಡ: ಇಪ್ಪತ್ತೇಳನೇ ತಾರೀಖು, ಶನಿವಾರ, ಉಡರಟ ಮೆಣಿಕೆ ರೈಲು.