ಬಂದರು ಬೀದಿಯ ಬಿಲ್ಲೆಯೊಲೆ

ವೆಸ್ಟರ್ವಿಕ್
೧೪ ಅಕ್ಟೋಬರ್ ೧೯೯೯

ಪ್ರೀತಿಯ ತಮ್ಮ ಐವಾರ್‌ಗೆ,

ನಾನು ಕ್ಷೇಮ. ನೀನೂ ಬ್ರಿಟ್ಟಾಳೂ ಚೆನ್ನಾಗಿದ್ದೀರೆಂದು ನಂಬಿದ್ದೇನೆ. ಬೇಸಗೆಯಲ್ಲಿ ಬಂದ ಕಾಗದಕ್ಕೆ ಈಗ ಉತ್ತರ ಬರೆಯುತ್ತಿದ್ದೇನೆ, ಬೈಯಬೇಡ. ಚಳಿ ಹತ್ತಿರ ಬಂದ ಕೂಡಲೇ ಊರಿನವರಿಗೆಲ್ಲ ಮನೆ ಬೆಚ್ಚಗಿಡುವ ತಮ್ಮ ಒಲೆಯ ನೆನಪಾಗುತ್ತದೆ, ಒಲೆ ಕಟ್ಟುವ ನನಗೆ ಉಗುರಿನ ಮಣ್ಣು ತೆಗೆಯಲೂ ಪುರುಸೊತ್ತಿಲ್ಲ. ಇದು ಅರ್ಧ ನಿಜ. ಉಳಿದರ್ಧವೆಂದರೆ, ಬರೆಯಲು ಧೈರ್ಯ ಸಾಲಲಿಲ್ಲ.

ಲಿಂಡ್ರೂತರ ಮನೆಯ ಒಲೆ ಬಿಚ್ಚಿದೆ. ಹೌದು, ಬಂದರು ಬೀದಿಯ ಅದೇ ಮನೆ, ಅಪ್ಪನ ಜೊತೆ ನಾವು ಕಟ್ಟಿದ, ನೀಲಿ ಹೂವಿನ ಪಿಂಗಾಣಿ ಬಿಲ್ಲೆ ಹೊದಿಸಿದ ಅದೇ ಬಿಲ್ಲೆಯೊಲೆ. ಹಿರಿಯ ಲಿಂಡ್ರೂತ್ ತೀರಿಕೊಂಡು ಬಹಳ ವರ್ಷವಾಯಿತು. ಈಗ ಸೊಸೆ ವೆಂಡೆಲಾ ಇದ್ದಾರೆ, ಬಾಯಿ ಜೋರು, ಮನಸ್ಸು ಬೆಣ್ಣೆ. "ಮನೆ ರಿಪೇರಿಗೆ ಬಂದೋನು ಮೊದ್ಲು ಈ ಒಲೆ ಒಡ್ಸಿ ಅಂದ. ಮೊದ್ಲು ನಿನ್ನ ತಲೆ ಒಡೀತೀನಿ ಅಂದೆ" ಎಂದರು. ಹೊಗೆದಾರಿಯಿಂದ ನಾನು ತೆಗೆದ ಮಸಿಯ ರಾಶಿ ನೋಡಿ, "ಸಿಗರೇಟ್ ಸೇದೋ ನನ್ನ ಗಂಡನ್ನ ಬಿಚ್ಚಿದ್ರೂ ಇಷ್ಟು ಸಿಗ್ತಿರ್ಲಿಲ್ಲ ಸೊಲ್ವೇಗ್" ಎಂದು ಕಾಫಿ ಕೊಟ್ಟರು.

ಮೇಲಿನ ಎರಡು ಸಾಲು ಸಿಮೆಂಟಿನಲ್ಲಿ ಕೂತಿದ್ದವು. ಎಷ್ಟು ಹುಷಾರಾಗಿ ಉಳಿ ಆಡಿಸಿದರೂ ಮೂರು ಬಿಲ್ಲೆ ಒಡೆದವು. ಅಪ್ಪ ಹೇಳುತ್ತಿದ್ದದ್ದು ನಿನಗೆ ಬಾಯಿಪಾಠ ಇರಬೇಕು: "ಜೇಡಿಮಣ್ಣಾದ್ರೆ ನೂರು ವರ್ಷ ಆದ್ಮೇಲೂ ಬಿಚ್ಚಿ ಕೂರಿಸ್ಬೋದು. ಸಿಮೆಂಟ್ ಹಾಕೋನು ಮುಂದೆ ಬರೋರ ಕೈ ಕಟ್ಟಿಹಾಕ್ತಾನೆ." ಕೆಳಗಿನ ಆರು ಸಾಲು ನೀನು ಕೂರಿಸಿದ್ದು. ಅವು ಒಂದು ಚೂರೂ ಮುಕ್ಕಾಗದೆ ಕೈಗೆ ಬಂದವು ಐವಾರ್. ಅಷ್ಟು ನಯವಾದ ಕೆಲಸ ನನಗೆ ಇವತ್ತಿಗೂ ಬರುವುದಿಲ್ಲ. ಒಂದೊಂದರ ಬೆನ್ನಿಗೂ ಸೀಮೆಸುಣ್ಣದಲ್ಲಿ ಸಂಖ್ಯೆ ಬರೆಯುತ್ತ ನಾನು ಅತ್ತೆ.

ಮೇಲ್ಸಾಲಿನ ಸಿಮೆಂಟಿನಲ್ಲಿ ಹೆಬ್ಬೆರಳು ಒತ್ತಿದ ಗುರುತುಗಳಿದ್ದವು, ತುದಿಯಿಲ್ಲದ ಮೊಂಡು ಹೆಬ್ಬೆರಳು. ಗರಗಸಕ್ಕೆ ಬೆರಳು ಕೊಟ್ಟವರು ನಮ್ಮ ಮನೆಯಲ್ಲಿ ಅಪ್ಪ ಒಬ್ಬರೇ. ಒಲೆ ಕಟ್ಟಿದ ವರ್ಷವೇ ಅವರ ಕೈ ನಡುಗಲು ಶುರುವಾಗಿತ್ತು. ಜೇಡಿಮಣ್ಣು ಬಿಗಿಯುವವರೆಗೆ ಭಾರದ ಬಿಲ್ಲೆಯನ್ನು ಅಲುಗಾಡದೆ ಹಿಡಿದಿರಲು ಆಗುತ್ತಿರಲಿಲ್ಲ. ಅದಕ್ಕೇ ಬೇಗ ಬಿಗಿಯುವ ಸಿಮೆಂಟ್ ಹಾಕಿದರು. ಮೊದಲ ಚಳಿಗಾಲದ ಬೆಂಕಿಗೇ ಸಿಮೆಂಟ್ ತಡೆಯದೆ ಮೇಲಿನ ಸಂದುಗಳು ಬಿರಿದು, ಲಿಂಡ್ರೂತ್ ಸಂದು ಕೆರೆದು ಸಿಮೆಂಟ್ ತೋರಿಸಿದಾಗ ಅಪ್ಪ ನಿನ್ನ ಕಡೆ ತಿರುಗಿ, "ಸೋಮಾರಿ, ಮಣ್ಣು ಒಣಗೋವರೆಗೂ ಕಾಯೋಕಾಗ್ಲಿಲ್ವೇನೋ?" ಎಂದರಲ್ಲ. ನೀನು ಅದೇ ವಾರ ಹಡಗಿನ ಕೆಲಸಕ್ಕೆ ಹೊರಟುಹೋದೆ. ಅಪ್ಪನ ಮಣ್ಣಿಗೂ ಬರಲಿಲ್ಲ. ತಪ್ಪು ಅವರದ್ದು, ನಿನ್ನದಲ್ಲ. ಇದನ್ನು ವೆಂಡೆಲಾಗೆ ಹೇಳಿದ್ದೇನೆ, ಊರಿನಲ್ಲಿ ಯಾರು ಕೇಳಿದರೂ ಹೇಳುತ್ತೇನೆ.

ಕೆಳಗಿನ ಸಾಲುಗಳನ್ನು ಮತ್ತೆ ಜೇಡಿಮಣ್ಣಿನಲ್ಲೇ ಕೂರಿಸಿದ್ದೇನೆ. ಒಡೆದ ಮೂರಕ್ಕೆ ಹೊಸವು ಬಂದಿವೆ. ಮೇಲಿನ ಎರಡು ಸಾಲು ಮಾತ್ರ ಬಾಕಿ ಬಿಟ್ಟಿದ್ದೇನೆ. ಬಂದು ಕೂರಿಸುತ್ತೀಯಾ? "ನಿಮ್ಮ ತಮ್ಮ ಬರೋವರೆಗೂ ಎರಡು ಸ್ವೆಟರ್ ಹಾಕ್ಕೋತೀನಿ" ಎಂದಿದ್ದಾರೆ ವೆಂಡೆಲಾ.

ದೇವರು ನಿಮ್ಮಿಬ್ಬರನ್ನೂ ಬೆಚ್ಚಗಿಟ್ಟಿರಲಿ.

ನಿನ್ನ ಅಕ್ಕ
ಸೊಲ್ವೇಗ್

ಮರೆತ ಮಾತು: ಮರೆತದ್ದಲ್ಲ. ಲಕೋಟೆ ಅಂಟಿಸಿ ಮತ್ತೆ ಬಿಚ್ಚಿದೆ. ಮೇಲೆ ಬರೆದದ್ದನ್ನು ಓದಿದರೆ ನನಗೆ ಮೊನ್ನೆಯಷ್ಟೇ ಗೊತ್ತಾದ ಹಾಗಿದೆ. ಮೇಲ್ಸಾಲು ಕೂರಿಸಿದ ದಿನ ನೀನು ಮರಳು ತರಲು ಹೋಗಿದ್ದಾಗ ಸಿಮೆಂಟ್ ಕಲಸಿ ಕೊಟ್ಟವಳು ನಾನು. "ತಮ್ಮಂಗೆ ಹೇಳ್ಬೇಡ ಮಗಳೇ" ಎಂದರು ಅಪ್ಪ. ನಿನ್ನನ್ನು ಬಿಟ್ಟು ನನ್ನನ್ನು ನಂಬಿದರೆಂದು ಹಿಗ್ಗಿದೆ. ಅವರು ನಿನ್ನನ್ನು ಬೈಯುವಾಗ ನೀನು ಒಮ್ಮೆ ನನ್ನ ಮುಖ ನೋಡಿದೆ. ನಾನು ತಲೆ ಎತ್ತದೆ ನೆಲದ ಮಸಿ ಗುಡಿಸುತ್ತಿದ್ದೆ.