ಮುಗುಚಿಟ್ಟ ಎಲೆ

ಹಡಗಿನಿಂದ,
ಸಿಂಗಪುರ ಬಿಟ್ಟ ಮರುದಿನ
೨ ಸೆಪ್ಟೆಂಬರ್ ೨೦೨೫

ಅಮ್ಮಾ,

ನಿನಗೂ ಅಜ್ಜಿಗೂ ನಮಸ್ಕಾರ. ನಾವಿಬ್ಬರೂ ಕ್ಷೇಮ ಎಂದು ಬರೆದು ಮುಂದುವರಿಯಬೇಕು. ಊಟ, ನಿದ್ದೆ, ಆರೋಗ್ಯದ ಮಟ್ಟಿಗೆ ಕ್ಷೇಮವೇ ಸರಿ. ಉಳಿದಂತೆ, ನಿನ್ನೆ ಮಧ್ಯಾಹ್ನದಿಂದ ನಾನು ಅಪ್ಪನ ಜೊತೆ ಮಾತಾಡಿಲ್ಲ. ಹಡಗಿನಲ್ಲಿ ಒಂದೇ ಕೋಣೆಯಲ್ಲಿದ್ದುಕೊಂಡು ಮಾತು ಬಿಡುವುದು ಎಷ್ಟು ಕಷ್ಟ ಗೊತ್ತೇ? ಬಾಗಿಲು ತೆಗೆದು ಎಲ್ಲಿಗಾದರೂ ಹೋಗೋಣವೆಂದರೆ, ಹೋದಲ್ಲೆಲ್ಲ ನಮ್ಮ ಹಾಗೆಯೇ ಪಂಪ್ ಕಂಪನಿಯ ಖರ್ಚಿನಲ್ಲಿ ಪ್ರವಾಸ ಬಂದ ಪಂಪ್‌ಸೆಟ್ ಡೀಲರುಗಳೇ.

ಇದನ್ನು ಅಂಚೆಗೆ ಹಾಕುವುದಿಲ್ಲ. ಊರಿಗೆ ಬಂದ ದಿನ ನಿನ್ನ ಕೈಗೆ ಕೊಟ್ಟು ಮಹಡಿ ಹತ್ತಿಬಿಡುತ್ತೇನೆ. ಅಂಗಡಿಗೆ ಬಂದ ಗಿರಾಕಿಗೆ ಪೈಪಿನ ಬೆಲೆ ಹೇಳಲೂ ನಾಚುತ್ತಾಳೆ, ಎಂ.ಎ. ಓದಿ ಏನು ಬಂತು ಎಂದು ನೀನೇ ಎಲ್ಲರೆದುರು ನಗುತ್ತೀಯಲ್ಲ. ಎದುರು ಕೂತು ಇಷ್ಟನ್ನು ಹೇಳಲು ನನ್ನಿಂದಾಗದು. ನೀರೆಂದರೆ ನಿನಗೆ ಭಯವೆಂದು ನಿನ್ನ ಬದಲು ನನ್ನನ್ನು ಕಳಿಸಿದೆ. ನೀನೇ ಬಂದಿದ್ದರೆ ಆ ಬಸ್ಸಿನಲ್ಲಿ ಏನು ಮಾಡುತ್ತಿದ್ದೆಯೋ ಎಂದು ನಿನ್ನೆಯಿಂದ ಯೋಚಿಸುತ್ತಿದ್ದೇನೆ.

ಸಿಂಗಪುರದಲ್ಲಿ ಹಡಗು ಒಂದು ಹಗಲು ನಿಲ್ಲುತ್ತದೆ, ಅವತ್ತು ಎರಡನೇ ಮಹಾಯುದ್ಧ ನಡೆದ ಜಾಗಗಳನ್ನು ತೋರಿಸುತ್ತಾರೆ ಎಂದು ಕಂಪನಿಯವರು ಕೊಟ್ಟ ಹಾಳೆಯಲ್ಲಿ ಓದಿ ಅಜ್ಜಿಗೆ ಹೇಳಿದವಳು ನಾನೇ. ಹೊರಡುವ ಬೆಳಿಗ್ಗೆ ಅವಳು ನನ್ನ ತಲೆಗೆ ಎಣ್ಣೆ ಹಚ್ಚುತ್ತಾ ಏನೆಂದಳೆಂದು ನಿನಗೆ ತಿಳಿಸಿರಲಿಲ್ಲ.

“ಅಲ್ಲಿ ಯಾರ್ನಾರ ಕೇಳು ಕಣಮ್ಮ. ನಮ್ಮಪ್ಪ ಸತ್ನಾ, ಇದ್ನಾ, ಅಷ್ಟೇ ಸಾಕು. ಸತ್ತ ಅಂತ ನಮಗೆ ಒಬ್ರೂ ಏಳ್ನಿಲ್ಲ. ಏಳ್ದೆ ಎಂಗೆ ಎಡೆ ಇಕ್ಕದು?”

ಎಂಬತ್ತನಾಲ್ಕು ವರ್ಷದ ಅಜ್ಜಿಗೆ, ಬದುಕಿದ್ದರೆ ತನ್ನ ಅಪ್ಪನಿಗೆ ನೂರು ದಾಟಿರುತ್ತಿತ್ತು ಎಂಬುದು ತಿಳಿಯದ ಸಂಗತಿಯಲ್ಲ. ಆದರೆ ಬದುಕಿರಬಹುದಾದವರಿಗೆ ಎಡೆ ಇಟ್ಟರೆ ಅವರ ಆಯಸ್ಸು ಕಡಿಮೆಯಾಗುತ್ತದೆ ಎಂದು ಅವಳ ಅವ್ವ ಹೇಳಿಕೊಟ್ಟಿದ್ದನ್ನು ಅವಳು ಬಿಟ್ಟಿಲ್ಲ. ಮಹಾಲಯ ಅಮಾವಾಸ್ಯೆಯ ದಿನ ನಮ್ಮ ನಡುಮನೆಯಲ್ಲಿ ಅಪ್ಪನ ಕಡೆಯ ಹಿರಿಯರಿಗೆ ಸಾಲಾಗಿ ಎಲೆ ಹಾಕಿ, ಹೊಸ ಪಂಚೆ ಸೀರೆ ಇಟ್ಟು, ಮುದ್ದೆ ಸಾರು ವಡೆ ಪಾಯಸ ಬಡಿಸುತ್ತೇವೆ. ಅಜ್ಜಿ ಮಾತ್ರ ಅಡುಗೆಮನೆಯ ಮೂಲೆಯಲ್ಲಿ ಒಂದು ಬಾಳೆಎಲೆ ತೊಳೆದು ಮುಗುಚಿ ಇಡುತ್ತಾಳೆ. ಅದಕ್ಕೆ ಏನೂ ಬಡಿಸುವುದಿಲ್ಲ. ಸತ್ತವರ ಸಾಲಿಗೂ ಇಲ್ಲ, ಬದುಕಿದವರ ಪಂಕ್ತಿಗೂ ಇಲ್ಲ. ಸಂಜೆ ಆ ಎಲೆಯನ್ನು ಎತ್ತಿ ಹಸುವಿಗೆ ಹಾಕುತ್ತಾಳೆ. ಚಿಕ್ಕವಳಿದ್ದಾಗ ನಾನು ಅದನ್ನು ಆಟವೆಂದುಕೊಂಡು ಒಮ್ಮೆ ನೆಟ್ಟಗೆ ಮಾಡಲು ಹೋಗಿ ಕೈ ಮೇಲೆ ಏಟು ತಿಂದಿದ್ದು ನಿನಗೆ ನೆನಪಿರಬೇಕು.

ಮುತ್ತಾತ ಚಿಕ್ಕರಂಗಯ್ಯ ಕೊಳಾಲದಿಂದ ಮೈಸೂರು ಮಹಾರಾಜರ ಪಡೆ ಸೇರಿ, ಹಡಗು ಹತ್ತಿ ಸಿಂಗಪುರಕ್ಕೆ ಬಂದಾಗ ಅಜ್ಜಿ ಇನ್ನೂ ಹುಟ್ಟಿರಲಿಲ್ಲ. ಯುದ್ಧ ಮುಗಿದು ವಾಪಸು ಬಂದವರಲ್ಲಿ ಯಾರೋ ಒಬ್ಬರು, ಒಂದು ದಿನ ಅವನು ಕ್ಯಾಂಪಿನಿಂದ ಹೋದವನು ತಿರುಗಿ ಕಾಣಲಿಲ್ಲ ಎಂದರಂತೆ. ಅಷ್ಟೇ ಸಾಕಾಯಿತು ಊರಿಗೆ. ಓಡಿಹೋದ, ಅಲ್ಲೇ ಇನ್ನೊಬ್ಬಳನ್ನು ಕಟ್ಟಿಕೊಂಡ, ಹೋಟೆಲಿಟ್ಟ ಎಂದು ಉಳಿದ ಕಥೆಯನ್ನು ತಾವೇ ಪೂರ್ತಿ ಮಾಡಿದರು. ಸರ್ಕಾರದ ಕಾಗದ ಬಂದಿದ್ದರೂ ಅದು ಓದು ಬಾರದ ಆ ಮನೆಯಲ್ಲಿ ಯಾರ ಕೈ ಸೇರಿತೋ. ಮುತ್ತಜ್ಜಿ ಸಾಯುವವರೆಗೂ ಕುಂಕುಮ ಇಟ್ಟುಕೊಂಡೇ ಇದ್ದಳು, ಆದರೆ ಯಾರೂ ಅವಳನ್ನು ಅರಿಶಿನ ಕುಂಕುಮಕ್ಕೆ ಕರೆಯಲಿಲ್ಲ. ಓಡಿಹೋದವನ ಮಗಳು ಎಂದು ಅಜ್ಜಿಗೆ ಬಂದ ಸಂಬಂಧಗಳು ತಪ್ಪಿದವು. ಇದನ್ನೆಲ್ಲ ನನಗೆ ಹೇಳಿದವಳು ನೀನು. ಅಪ್ಪನಿಗೂ ಹೇಳಿದವಳು ನೀನೇ ಇರಬೇಕು. ಬಸ್ಸಿನಲ್ಲಿ ಅದು ಹೊರಬಂದದ್ದು ಹೇಗೆಂದು ಕೇಳು.

ಬಸ್ಸು ಬಂದರು ಬಿಟ್ಟ ಮೇಲೆ ಗೈಡ್ ಮೈಕು ಹಿಡಿದು ಇಂಗ್ಲಿಷಿನಲ್ಲಿ ಯುದ್ಧದ ಕಥೆ ಶುರು ಮಾಡಿದ. ಕಂಪನಿಯ ಹುಡುಗ ಅಂಬರೀಶ್ ಅದನ್ನು ಕನ್ನಡದಲ್ಲಿ ಹೇಳುತ್ತಿದ್ದ. ಆಗ ಅಪ್ಪ, ತಾವೂ ಏನಾದರೂ ಹೇಳಬೇಕೆನಿಸಿತೋ ಏನೋ, ನಮ್ಮ ಅತ್ತೆಯವರ ತಂದೆಯೂ ಇದೇ ಯುದ್ಧಕ್ಕೆ ಬಂದಿದ್ದರು, ಬಂದವರು ಊರು ಚೆನ್ನಾಗಿದೆಯೆಂದು ಇಲ್ಲೇ ಉಳಿದುಬಿಟ್ಟರು ಎಂದರು. ಬಸ್ಸೆಲ್ಲ ನಕ್ಕಿತು. ಸಿರಾದ ಹಾರ್ಡ್‌ವೇರ್ ಅಂಗಡಿಯ ಶಂಕರಲಿಂಗಪ್ಪ ಬಿಡುತ್ತಾರೆಯೇ?

“ಅಂಗಾದ್ರೆ ರಾಜಣ್ಣ, ನಿಮ್ ಮಾವನ ಮಾವಂದು ಇಲ್ಲೇ ಎಲ್ಲೋ ಹೋಟ್ಲು ಇರ್ಬೇಕಲ್ಲ. ಮಧ್ಯಾಹ್ನದ ಊಟ ಅಲ್ಲೇ ಮಾಡ್ಬುಡಾಣ ಬುಡು. ಸಂಬಂಧಿಕರು ಅಂತ ಬಿಲ್ ಹಾಕಲ್ಲ.”

ಅಂಬರೀಶ್ ಅದನ್ನು ಗೈಡಿಗೂ ಇಂಗ್ಲಿಷಿನಲ್ಲಿ ಹೇಳಿದ. ಗೈಡ್ ಕೂಡ ನಕ್ಕು, ದಾರಿಯಲ್ಲಿ ಕಂಡ ಒಂದು ನೂಡಲ್ಸ್ ಅಂಗಡಿಯನ್ನು ಬೆರಳು ತೋರಿಸಿ, ಇದೇ ಇರಬಹುದು ಎಂದ. ಅಪ್ಪನೂ ನಕ್ಕರು ಅಮ್ಮಾ. ನಾನು ಕಿಟಕಿಯ ಕಡೆ ತಿರುಗಿ ಕೂತೆ. ನನಗೆ ಬಂದ ಸಿಟ್ಟಿಗೆ ಕಿವಿ ಬಿಸಿಯಾಗಿತ್ತು, ಬಾಯಿ ಮಾತ್ರ ಎಂದಿನಂತೆ ಅಂಟಿಕೊಂಡಿತ್ತು.

ಮೊದಲು ಒಂದು ಹಳೆಯ ಫಿರಂಗಿ ತೋರಿಸಿದರು. ಅದರ ಮೇಲೆ ಕುದುರೆಯ ಹಾಗೆ ಕೂತು ಎಲ್ಲರೂ ಫೋಟೋ ತೆಗೆಸಿಕೊಂಡರು. ಆಮೇಲೆ ಒಂದು ಕೋಣೆಯಲ್ಲಿ ಮೇಣದ ಗೊಂಬೆಗಳು: ಸೋತ ಬಿಳಿಯ ಅಧಿಕಾರಿಗಳು ಮೇಜಿನ ಒಂದು ಕಡೆ, ಗೆದ್ದ ಜಪಾನಿನವರು ಇನ್ನೊಂದು ಕಡೆ. ಗೈಡ್ ಆ ಅಧಿಕಾರಿಗಳು ಎಷ್ಟು ಸಿಗರೇಟು ಸೇದುತ್ತಿದ್ದರು ಎಂಬುದನ್ನೂ ಹೇಳಿದ. ಮೇಜಿನ ಸುತ್ತ ಇದ್ದವರ ಹೆಸರೆಲ್ಲ ಅವನಿಗೆ ಬಾಯಿಪಾಠ. ಆ ಶರಣಾಗತಿಯ ಸಹಿಯೊಂದಿಗೆ ಸೆರೆಸಿಕ್ಕ ನಮ್ಮ ಕಡೆಯ ಸಾವಿರಾರು ಜನರ ಬಗ್ಗೆ ಅವನಿಂದ ಒಂದು ವಾಕ್ಯ ಬಂತು: ಇಂಡಿಯನ್ನರೂ ಇದ್ದರು.

ಕೊನೆಗೆ ಊರಾಚೆ ಒಂದು ದಿಬ್ಬದ ಮೇಲಿನ ಯುದ್ಧ ಸ್ಮಾರಕ. ಕತ್ತರಿಸಿದ ಹುಲ್ಲು, ಸಾಲುಸಾಲು ಬಿಳಿ ಕಲ್ಲು, ಕಲ್ಲಿನ ಬುಡದಲ್ಲೆಲ್ಲ ಹೂವಿನ ಗಿಡ. ನೋಡಲು ಎಷ್ಟು ಚೆಂದವಿದೆಯೆಂದರೆ ಅದು ಸ್ಮಶಾನವೆಂಬುದೇ ಮರೆತುಹೋಗುತ್ತದೆ. ಇಪ್ಪತ್ತು ನಿಮಿಷ ಎಂದರು. ಅದಾದ ಮೇಲೆ ಶಾಪಿಂಗ್. ಗೈಡ್ ಎಲ್ಲರನ್ನೂ ಬಿಳಿಯ ಸೈನಿಕರ ಸಮಾಧಿಗಳ ನಡುವೆ ಕರೆದೊಯ್ದು, ಹದಿನೆಂಟು ವರ್ಷಕ್ಕೆ ಸತ್ತ ಒಬ್ಬ ಹುಡುಗನ ಕಥೆ ಹೇಳಿದ. ಪಾಪ, ಒಳ್ಳೆಯ ಕಥೆಯೇ. ಶಂಕರಲಿಂಗಪ್ಪನವರ ಹೆಂಡತಿ ಕಣ್ಣು ಒರೆಸಿಕೊಂಡರು. ಆಗ ನಾನು ಗೈಡಿನ ಹತ್ತಿರ ಹೋಗಿ, ಮೆಲ್ಲಗೆ, ಇಂಡಿಯನ್ನರ ಸಮಾಧಿ ಎಲ್ಲಿ ಎಂದು ಕೇಳಿದೆ. ಅವರಲ್ಲಿ ತುಂಬ ಜನಕ್ಕೆ ಸಮಾಧಿ ಇಲ್ಲ, ಮೇಲೆ ಕಂಬಗಳ ಮೇಲೆ ಹೆಸರಿದೆ, ಸಾಮಾನ್ಯವಾಗಿ ನಿಮ್ಮವರು ಯಾರೂ ಕೇಳುವುದಿಲ್ಲ ಎಂದ. ಅವನ ದನಿಯಲ್ಲಿ ತಾತ್ಸಾರ ಇರಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದ. ಅದಕ್ಕೇ ಹೆಚ್ಚು ಉರಿಯಿತು.

ಮೆಟ್ಟಿಲು ಹತ್ತಿ ಹೋದರೆ ಅಷ್ಟರಲ್ಲಾಗಲೇ ಅಲ್ಲಿ ನಮ್ಮವರೇ ಇದ್ದರು. ಕಂಪನಿಯ ಬ್ಯಾನರ್ ಬಿಚ್ಚಿ, ‘ಆಳ ಎಷ್ಟೇ ಇರಲಿ, ನೀರು ಮೇಲೆ’ ಎಂದು ಬರೆದದ್ದನ್ನು ಕಂಬಗಳಿಗೆ ಅಡ್ಡ ಹಿಡಿದು ಗುಂಪು ಫೋಟೋ. ಆ ಕಂಬಗಳ ತುಂಬ ಹೆಸರು, ತಲೆಯಿಂದ ಬುಡದವರೆಗೆ. ಬ್ಯಾನರಿನ ಹಿಂದೆ ಎಷ್ಟು ಹೆಸರು ಮುಚ್ಚಿದವೋ. ನಾನು ಫೋಟೋಕ್ಕೆ ನಿಲ್ಲಲಿಲ್ಲ. ಮೈಸೂರು ಪಡೆಯ ಹೆಸರುಗಳಿರುವ ಜಾಗ ಹುಡುಕಿ, ಚಿಕ್ಕರಂಗಯ್ಯ ಎಂದು ನೋಡತೊಡಗಿದೆ. ಇಲ್ಲ. ಇನ್ನೊಮ್ಮೆ ನೋಡಿದೆ. ಇಲ್ಲ. ಆಮೇಲೆ ಹೊಳೆಯಿತು. ನಮ್ಮ ಕಡೆ ಒಂದೇ ಮನೆದೇವರ ಹೆಸರನ್ನು ಅಣ್ಣನಿಗೂ ತಮ್ಮನಿಗೂ ಇಟ್ಟು, ದೊಡ್ಡ ಚಿಕ್ಕ ಎಂದು ಕರೆದುಕೊಳ್ಳುವುದು ಮನೆಯೊಳಗಿನ ಗುರುತಿಗೆ ತಾನೇ? ಪಡೆಗೆ ಸೇರುವಾಗ ಅಣ್ಣ ಜೊತೆಗಿರಲಿಲ್ಲ. ಚಿಕ್ಕ ಎನ್ನುವುದಕ್ಕೆ ಅಲ್ಲಿ ಅರ್ಥವೇನು?

ರಂಗಯ್ಯ ಎಂದು ಹುಡುಕಿದೆ. ಇತ್ತು. ಒಂದರ ಕೆಳಗೊಂದು, ಮೂರು.

ಮೂರು ರಂಗಯ್ಯ, ಅಮ್ಮಾ. ಊರಿಲ್ಲ, ತಂದೆಯ ಹೆಸರಿಲ್ಲ. ಒಬ್ಬರಿಂದ ಒಬ್ಬರನ್ನು ಬೇರೆ ಮಾಡಲು ಪಕ್ಕದಲ್ಲಿ ಪಡೆಯ ನಂಬರು. ಆ ನಂಬರು ನಮ್ಮ ಮನೆಯಲ್ಲಿ ಯಾರಿಗೆ ಗೊತ್ತು? ಮಧುಗಿರಿ ಸಂತೆಯಲ್ಲಿ ನಿಂತು ರಂಗಯ್ಯ ಎಂದು ಕೂಗಿದರೆ ಇಂದಿಗೂ ಹತ್ತು ತಲೆ ತಿರುಗುತ್ತವೆ. ನಮ್ಮವರು ಈ ಮೂವರಲ್ಲಿ ಒಬ್ಬರೋ, ಅಥವಾ ಇವರಲ್ಲಿ ಯಾರೂ ಅಲ್ಲವೋ, ಹೇಳುವವರು ಯಾರೂ ಇಲ್ಲ. ನಾನು ಅಲ್ಲೇ ಕಂಬದ ಬುಡದಲ್ಲಿ ಕೂತುಬಿಟ್ಟೆ. ಬಸ್ಸಿನ ಹಾರ್ನ್ ಕೇಳಿಸಿತು. ಏಳಲಿಲ್ಲ. ನನ್ನ ಜೀವನದಲ್ಲಿ ನಾಲ್ಕು ಜನರನ್ನು ಬೇಕೆಂದೇ ಕಾಯಿಸಿದ್ದು ಅದೇ ಮೊದಲು.

ಅಪ್ಪ ಏದುಸಿರು ಬಿಡುತ್ತಾ ಮೆಟ್ಟಿಲು ಹತ್ತಿ ಬಂದರು. ಎಲ್ಲರೂ ಬೈಯುತ್ತಿದ್ದಾರೆ, ನಿನ್ನಿಂದ ನನ್ನ ಮರ್ಯಾದೆ ಹೋಯಿತು ಎಂದರು. ನಾನು ಹೆಸರುಗಳನ್ನು ತೋರಿಸಿ, ಓಡಿಹೋದವರ ಹೆಸರನ್ನು ಕಲ್ಲಿನಲ್ಲಿ ಕೆತ್ತುತ್ತಾರಾ ಎಂದು ಕೇಳಿದೆ. ಅಪ್ಪ ಕನ್ನಡಕ ಹಾಕಿಕೊಂಡು ಮೂರನ್ನೂ ಬೆರಳಿಟ್ಟು ಓದಿದರು. ಈಗ ಏನಾದರೂ ಒಳ್ಳೆಯ ಮಾತು ಬರುತ್ತದೆ ಎಂದು ಕಾದೆ.

“ಮೊದಲ್ನೇದು ಫೋಟೋ ತೆಗ್ದು, ಇದೇ ಅಂತ ಅಜ್ಜಿಗೆ ತೋರ್ಸ್‌ಬುಡು. ಅವ್ರಿಗೇನು ಓದಕ್ ಬತ್ತದಾ? ಸಮಾಧಾನ ಆಯ್ತದೆ.”

ಅಪ್ಪ ಕೆಟ್ಟವರಲ್ಲ, ನನಗೆ ಗೊತ್ತು. ಆ ಹೊತ್ತಿಗೆ ಕೈಗೆ ಸಿಕ್ಕ ಉಪಾಯ ಹೇಳಿದರು. ಅಂಗಡಿಯಲ್ಲಿ ಕೇಳಿದ ಬ್ರ್ಯಾಂಡ್ ಇಲ್ಲದಿದ್ದರೆ ಅದರ ಪಕ್ಕದ್ದನ್ನು ಕೊಟ್ಟು ಕಳಿಸುವುದು ಅಭ್ಯಾಸ. ಆದರೆ ಅಪ್ಪಂದಿರನ್ನು ಹಾಗೆ ಕೊಟ್ಟು ಕಳಿಸಲಾಗುತ್ತದೆಯೇ? ಅಜ್ಜಿಗೆ ಓದು ಬರುವುದಿಲ್ಲ ಎಂಬುದೇ ಎಂಬತ್ತು ವರ್ಷದಿಂದ ಎಲ್ಲರಿಗೂ ಅನುಕೂಲವಾಗಿದೆ. ಕಾಗದ ಬಂದಾಗ ಕೊಡದಿದ್ದವರಿಗೆ, ಹೋಟೆಲಿನ ಕಥೆ ಕಟ್ಟಿದವರಿಗೆ, ಈಗ ನಮಗೆ. ಅವಳು ಕೇಳಿದ್ದು ಸಮಾಧಾನವನ್ನಲ್ಲ. ಸತ್ತನೋ ಇದ್ದನೋ ಎಂದು ಕೇಳಿದಳು. ಅದಕ್ಕೆ ಉತ್ತರ ಕೊಡಲಾಗದಿದ್ದರೆ ಕೊಡಲಾಗದು ಎಂದು ಹೇಳುವ ಮರ್ಯಾದೆಯಾದರೂ ನಮಗಿರಬೇಡವೇ?

ನಾನು ಮೂರನ್ನೂ ಒಟ್ಟಿಗೆ ಫೋಟೋ ತೆಗೆದೆ. ಮೂರೂ ಸೇರಲೆಂದು ಹಿಂದೆ ಸರಿದಾಗ, ಯಾರೋ ಸುತ್ತಿ ನಿಲ್ಲಿಸಿದ್ದ ಬ್ಯಾನರಿನ ಒಂದು ಮೂಲೆಯೂ ಅದರಲ್ಲಿ ಬಂದಿದೆ. ಇನ್ನೊಂದು ತೆಗೆಯುವಷ್ಟರಲ್ಲಿ ಅಪ್ಪ ನನ್ನ ಭುಜ ಹಿಡಿದು ನಡೆಸಿಕೊಂಡು ಹೊರಟಿದ್ದರು.

ಬಸ್ಸಿನಲ್ಲಿ ಶಂಕರಲಿಂಗಪ್ಪ, “ಏನಮ್ಮ, ಮುತ್ತಾತ ಸಿಕ್ಕಿದ್ನಾ? ಕಾಫಿ ಕೊಟ್ನಾ?” ಎಂದರು. ಯಾರೂ ಅಷ್ಟಾಗಿ ನಗಲಿಲ್ಲ, ಶಾಪಿಂಗಿಗೆ ತಡವಾಗಿತ್ತಲ್ಲ. ನಾನು ಅವರನ್ನು ನೋಡಿ, ಮೂರು ಜನ ಸಿಕ್ಕರು, ಮೂವರೂ ಸತ್ತಿದ್ದಾರೆ ಎಂದೆ. ಅಷ್ಟೇ. ಅಪ್ಪ ಕಿಟಕಿಯ ಕಡೆ ತಿರುಗಿಕೊಂಡರು. ಅವರು ನನ್ನ ಪರವಾಗಿ ಒಂದು ಮಾತು ಆಡಿದ್ದರೆ ಈ ಕಾಗದ ಇಷ್ಟು ಉದ್ದವಾಗುತ್ತಿರಲಿಲ್ಲ.

ಇನ್ನು ಮೂರು ವಾರಕ್ಕೆ ಅಮಾವಾಸ್ಯೆ. ಅಜ್ಜಿಗೆ ಏನು ಹೇಳುವುದೆಂದು ನೀನೇ ಯೋಚಿಸು. ಹೇಳಿದರೆ ಅವಳು ಆ ಎಲೆಯನ್ನು ಏನು ಮಾಡುತ್ತಾಳೋ ನನಗೆ ಭಯ. ಹೇಳದಿದ್ದರೆ, ಆ ಮುಗುಚಿದ ಎಲೆಯನ್ನು ಈ ಸಲ ನಾನು ನೋಡಲಾರೆ. ಒಂದನ್ನು ಮಾತ್ರ ಕೇಳಿಕೊಳ್ಳುತ್ತೇನೆ: ಅಪ್ಪ ಹೇಳಿದ ಸುಳ್ಳಿಗೆ ನೀನು ಒಪ್ಪಬೇಡ.

ಇನ್ನೂ ಸಿಟ್ಟು ಇಳಿಯದ ನಿನ್ನ ಮಗಳು,
ಅಶ್ವಿನಿ

ತಾ.ಕ.: ಮೇಲೆ ಒಂದು ವಿಷಯ ಮುಚ್ಚಿಟ್ಟಿದ್ದೇನೆ. ಅಜ್ಜಿಗೆ ಆಗಲೇ ಹೇಳಿಯಾಗಿದೆ. ನಿನ್ನೆ ಬಂದರಿನಲ್ಲಿ ಅಪ್ಪ ತಮ್ಮ ಫೋನನ್ನು ನನ್ನ ಕೈಗೆ ಕೊಟ್ಟು ಏನೋ ತರಲು ಹೋದಾಗ, ಅಜ್ಜಿಯ ಮೊಬೈಲಿಗೆ ಮಾಡಿದೆ. ನೀನು ಅಂಗಡಿಯಲ್ಲಿದ್ದೆ. ಮೂರು ಹೆಸರಿದೆ, ನಮ್ಮವರು ಯಾರೆಂದು ಗೊತ್ತಾಗುವುದಿಲ್ಲ, ಇದ್ದಾರೋ ಇಲ್ಲವೋ ಅದೂ ಗೊತ್ತಿಲ್ಲ ಎಂದೆ. ಅಳುತ್ತಾಳೆಂದುಕೊಂಡಿದ್ದೆ. ಮಿಕ್ಕವರ ಮನೆಯಲ್ಲಿ ಎಡೆ ಇಕ್ಕುವವರು ಇದ್ದಾರಾ ಎಂದು ಕೇಳಿದಳು. ಅದೂ ಗೊತ್ತಿಲ್ಲ ಎಂದೆ. ಅಜ್ಜಿ ಹೇಳಿದಳು: “ಅಂಗಾದ್ರೆ ಮೂರು ಎಲೆ ಹಾಕಾಣ. ಅಡ್ಗೆಮನೇಲಲ್ಲ, ನಡುಮನೇಲಿ. ನೆಟ್ಟಗೆ.” ನಾನು ಬಸ್ಸಿನ ವಿಷಯವನ್ನೂ ಹೇಳಿಬಿಟ್ಟೆ, ತಡೆಯಲಾಗಲಿಲ್ಲ. ಫೋನ್ ಇಡುವ ಮುಂಚೆ ಅವಳು, “ಮೂರು ಎಲೆಗೂ ನಿಮ್ಮಪ್ಪನೇ ಬಡಿಸ್ಬೇಕು. ಅಳಿಯಂದ್ರು ಬಗ್ಗಿ ಬಡಿಸ್ಲಿ, ನಾನು ಕೂತ್ಕಂಡು ನೋಡ್ತೀನಿ” ಎಂದಳು. ಇದನ್ನು ಅಪ್ಪನಿಗೆ ಹೇಳುವ ಕೆಲಸ ನಿನ್ನದು.