ಹಿಂದಕ್ಕೆ ಚಾಚಿದ ಕೈ

ಮಂಗಳವಾರ, ಹದಿನಾಲ್ಕನೇ ತಾರೀಖು
ಅಂಗಡಿಯಿಂದ

ಪ್ರೀತಿಯ ಪುಟ್ಟಾ,

ಅಪ್ಪನ ಆಶೀರ್ವಾದ. ನಾವಿಬ್ಬರೂ ಕ್ಷೇಮ. ನಿನ್ನ ಕ್ಷೇಮಕ್ಕೆ ಬರೆ ಎಂದು ಕೇಳಲು ಬಾಯಿಲ್ಲ, ಎರಡು ವರ್ಷದಿಂದ ನೀನು ಬರೆದಿಲ್ಲ. ಆದರೆ ಈ ಸಲ ತಡ ಮಾಡಿದವನು ನಾನು, ಮೂರು ವಾರ. ಅಕ್ಷರ ಕಾಗೆಕಾಲು ಗುಬ್ಬಿಕಾಲು ಆಗಿದ್ದರೆ ಬೈಯಬೇಡ, ಎಡಗೈಯಲ್ಲಿ ಬರೆಯುತ್ತಿದ್ದೇನೆ. ಬಲಗೈಯ ಅಂಗೈ ಸುಟ್ಟಿದೆ. ಬಿಸಿ ಸೈಲೆನ್ಸರ್ ಮೇಲೆ ಗೊತ್ತಾಗದೆ ಕೈಯಿಟ್ಟೆ ಎಂದು ನಿಮ್ಮಮ್ಮನಿಗೆ ಹೇಳಿದ್ದೇನೆ. "ಮೂವತ್ತು ವರ್ಷ ಬೈಕ್ ರಿಪೇರಿ ಮಾಡಿದೋರಿಗೆ ಸೈಲೆನ್ಸರ್ ಬಿಸಿ ಇರುತ್ತೆ ಅಂತ ಗೊತ್ತಿಲ್ವಾ?" ಎಂದು ದಿನಕ್ಕೆರಡು ಸಲ ಕೇಳುತ್ತಾಳೆ, ಕೇಳಿ ಮುಲಾಮು ಹಚ್ಚುತ್ತಾಳೆ. ನಿನಗಾದರೂ ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ.

ಬ್ರೆಡ್ಡಿನವನು ಬಂದಿದ್ದ.

ಅವನೇ, ನೀನು ಹೊಡೆದವನು. ಅದೇ ಬೈಕು, ಹಿಂದೆ ಅದೇ ಬ್ರೆಡ್ಡಿನ ಪೆಟ್ಟಿಗೆ. ಮಧ್ಯಾಹ್ನ ಊಟ ಮುಗಿಸಿ ಹಲ್ಲಿಗೆ ಕಡ್ಡಿ ಹಾಕುತ್ತ ಕೂತಿದ್ದೆ, ಬಾಗಿಲಲ್ಲಿ ಬಂದು ನಿಂತ. ಚೀಲದಿಂದ ಒಂದು ಹೊಸ ರೇಡಿಯೋ ತೆಗೆದು ಮೇಜಿನ ಮೇಲಿಟ್ಟ.

"ಮೇಸ್ತ್ರಿ, ಇದನ್ನ ನೀವೇ ಹಾಕ್ಬೇಕು," ಅಂದ. "ಸ್ವಿಚ್ಚು, ಸ್ಪೀಕರು ಎರಡೂ ಎಡಗಡೆ ಬರ್ಲಿ. ಬಲಗಿವಿ ಕೇಳ್ಸಲ್ಲ. ಬಲಗೈ ಆಕ್ಸಿಲೇಟರ್ ಹಿಡಿಯೋಕೆ ಬಿಟ್ರೆ ಬೇರೆ ಯಾವುದಕ್ಕೂ ಬರಲ್ಲ."

"ಊರಲ್ಲಿ ಬೇರೆ ಅಂಗಡಿ ಇರಲಿಲ್ವೇನಪ್ಪಾ?" ಎಂದೆ.

"ಇದ್ವು. ಅಲ್ಲಿಗೆ ಹೋಗಿದ್ರೆ ನಿಮಗೆ ನೆಮ್ಮದಿ ಆಗ್ತಿತ್ತು."

ನಿನ್ನನ್ನು ಬೇಗ ಬಿಡಬೇಕಾದರೆ ಏಟು ತಿಂದವನ ಒಪ್ಪಿಗೆ ಬೇಕು ಎಂದು ಜೈಲಿನವರು ಹೇಳಿದ ಮೇಲೆ ನಾಲ್ಕು ಸಲ ಅವನ ಮನೆ ಬಾಗಿಲಿಗೆ ಹೋಗಿದ್ದೆ. ನಾಲ್ಕು ಸಲವೂ ಮುಖದ ಮೇಲೆ ಬಾಗಿಲು ಹಾಕಿದ್ದ. ಈಗ ತಾನಾಗಿಯೇ ಬಂದಿದ್ದಾನೆ. ಸೀಟು ಬಿಚ್ಚಿದೆ.

ಚಾರ್ಜಿಂಗ್ ಸರಿಯಿದೆಯೇ ನೋಡಲು ಕಾಲು ಗಂಟೆ ಎಂಜಿನ್ ಓಡಿಸಿದೆ. ನಿನಗೆ ನೆನಪಿದೆಯಲ್ಲ, ಬೈಕು ನಿಲ್ಲಿಸಿದಾಗಲೂ ಹಾಡಬೇಕು ಎಂದು ಹಿಂದೆ ಅವನೇ ಹಟ ಹಿಡಿದಿದ್ದ, ನೀನು ನೇರ ಬ್ಯಾಟರಿಯಿಂದ ವೈರು ಎಳೆದಿದ್ದೆ. ಈ ಸಲ ನಾನು ಅವನ ಮಾತು ಕೇಳಲಿಲ್ಲ. ಕೀಯ ಹಿಂದಿನ ವೈರಿನಿಂದ ಕರೆಂಟು ತೆಗೆದು, ನಡುವೆ ಫ್ಯೂಸ್ ಇಟ್ಟು ರೇಡಿಯೋಗೆ ಕೊಟ್ಟೆ. ಕೀ ತೆಗೆದರೆ ರೇಡಿಯೋನೂ ಬಂದ್, ಬ್ಯಾಟರಿ ಇಳಿಯುವ ಮಾತೇ ಇಲ್ಲ. ಇಷ್ಟನ್ನು ಅವತ್ತೇ ಮಾಡಿದ್ದರೆ ಎಂದುಕೊಳ್ಳುತ್ತಲೇ ವೈರಿಗೆ ಟೇಪು ಸುತ್ತಿದೆ.

ಅವತ್ತಿನದೆಲ್ಲ ಕಣ್ಣ ಮುಂದೆ ಬಂತು. ರೇಡಿಯೋ ಹಾಡಿ ಹಾಡಿ ಬ್ಯಾಟರಿ ಇಳಿದು ಬೈಕು ದಾರಿಯಲ್ಲೇ ನಿಂತಿತ್ತು. ಇವನು ಅದನ್ನು ತಳ್ಳಿಕೊಂಡೇ ಅಂಗಡಿಗೆ ಬಂದಿದ್ದ, ಮೈಯೆಲ್ಲ ಬೆವರು. "ಹೊಸ ಬ್ಯಾಟರಿ ಕದ್ದು ಸತ್ತಿದ್ದನ್ನ ಇಟ್ಟಿದೀಯಾ, ಕಳ್ಳ ನನ್ಮಗನೇ" ಎಂದು ಕಿತ್ತು ತಂದಿದ್ದ ರೇಡಿಯೋವನ್ನು ನಿನ್ನ ಬಾಯಿಗೆ ಎಸೆದ. ನಿನ್ನ ಮುಂದಿನ ಹಲ್ಲು ನೆಲಕ್ಕೆ ಬಿತ್ತು. ಕೂದಲು ಹಿಡಿದು ನಿನ್ನ ತಲೆಯನ್ನು ಮೇಜಿಗೆ ಎರಡು ಸಲ ಕುಕ್ಕಿದ. ನೀನು ಬಿಡಿಸಿಕೊಂಡು ಹೋಗಿ ಅವನ ಬೈಕಿನ ಸೀಟು ತೆಗೆದು ಬಗ್ಗಿದೆ. ಅವನು ಹಿಂದಿನಿಂದ ಬೆನ್ನಿಗೆ ಒದೆಯುತ್ತಲೇ ಇದ್ದ. ನೀನು ತಿರುಗದೆ ಕೈಯನ್ನು ಹಿಂದಕ್ಕೆ ಚಾಚಿದೆ, ನಾನು ಸ್ಪ್ಯಾನರ್ ಇಟ್ಟೆ. ಆಮೇಲೆ ಮೂರು ಏಟು. ಮೊದಲನೆಯದಕ್ಕೆ ಅವನ ಮೊಣಕೈ ಮುರಿದ ಸದ್ದು ನನಗೆ ಕೇಳಿಸಿತು. ಎರಡನೆಯದು ಭುಜಕ್ಕೆ. ಮೂರನೆಯದು ಕಿವಿಗೆ, ಅದು ಅವನು ಬಿದ್ದ ಮೇಲೆ. ಆ ಮೂರನೆಯದನ್ನು ನೀನು ಹೊಡೆಯಬಾರದಿತ್ತು, ಪುಟ್ಟಾ.

ಕೆಲಸ ಮುಗಿಯುತ್ತ ಬಂದಿತ್ತು. ಚಾರ್ಜಿಂಗ್ ಇನ್ನೊಮ್ಮೆ ನೋಡಲು ಮತ್ತೆ ಎಂಜಿನ್ ಓಡಿಸಿ ಆಗಷ್ಟೇ ನಿಲ್ಲಿಸಿದ್ದೆ. ರೇಡಿಯೋದ ಮೈನಸ್ ವೈರನ್ನು ಬ್ಯಾಟರಿಗೆ ಬಿಗಿಯುವುದೊಂದೇ ಬಾಕಿ. ಅವನು ನನಗೆ ಬೆನ್ನು ಹಾಕಿ ಕುಕ್ಕರಗಾಲಲ್ಲಿ ಕೂತು ವೈರು ಹಿಡಿದುಕೊಂಡಿದ್ದ. ಇದ್ದಕ್ಕಿದ್ದ ಹಾಗೆ, ನನ್ನ ಕಡೆ ನೋಡದೆ, ವೈರು ಬಿಟ್ಟು ಎಡಗೈ ಹಿಂದಕ್ಕೆ ಚಾಚಿ "ಮೇಸ್ತ್ರಿ, ಹತ್ತು" ಅಂದ. ನನಗೆ ಅರಿವೇ ಇಲ್ಲ. ಹತ್ತು ನಂಬರಿನ ಸ್ಪ್ಯಾನರ್ ಅವನ ಅಂಗೈಯಲ್ಲಿ ಕೂತಿತ್ತು.

ಅದನ್ನು ಬಿಸಾಕಿ ನನ್ನ ಮಣಿಕಟ್ಟು ಹಿಡಿದ. "ಹಿಂಗೇ ತಾನೇ ಕೊಟ್ಟಿದ್ದು?" ಎಂದು ನನ್ನ ಅಂಗೈಯನ್ನು ಸೈಲೆನ್ಸರ್‌ಗೆ ಒತ್ತಿದ. ಒಂದು ಕೈಯಲ್ಲಿ ಅಷ್ಟು ಬಲ ಹೇಗೆ ಬಂತೋ. "ಒಂದು," ಅಂದ. "ಎರಡು," ಅಂದ. ಚರ್ಮ ಚುರ್ ಎಂದು ವಾಸನೆ ಬಂತು. ನಾನು ಕಿರುಚಿದೆ, ಆದರೆ ಕೈ ಎಳೆದುಕೊಳ್ಳಲಿಲ್ಲ. "ಮೂರು" ಅಂದವನು ತಾನೇ ಬಿಟ್ಟು ನೆಲದ ಮೇಲೆ ಕೂತು ಗೊಳೋ ಎಂದು ಅತ್ತ.

"ಎರಡು ವರ್ಷದಿಂದ ತಲೆ ಕೊರೀತಿತ್ತು ಮೇಸ್ತ್ರಿ, ಬೇಕಂತ ಕೊಟ್ರೋ, ಅಭ್ಯಾಸದಲ್ಲಿ ಕೊಟ್ರೋ ಅಂತ. ಕೋರ್ಟಲ್ಲೂ ನೀವು ಹೇಳ್ಲಿಲ್ಲ. ಹೇಳಿಬಿಡಿ."

"ಅಭ್ಯಾಸ," ಎಂದೆ. "ಚಾಚಿದ ಕೈಗೆ ಸಾಮಾನು ಇಟ್ಟು ಇಟ್ಟು ಬಂದ ಅಭ್ಯಾಸ."

ಅವನೇ ಬಕೆಟ್ ತಂದು ನನ್ನ ಕೈಯನ್ನು ನೀರಿನಲ್ಲಿ ಮುಳುಗಿಸಿದ. ಆಮೇಲೆ ನಗಬೇಕೋ ಅಳಬೇಕೋ, ಅವನ ಎಡಗೈ ನನ್ನ ಎಡಗೈ ಸೇರಿಸಿ ಆ ಕೊನೆಯ ಬೋಲ್ಟು ಬಿಗಿದೆವು. ನೀನಿದ್ದಿದ್ದರೆ ನಮ್ಮಿಬ್ಬರನ್ನೂ ಬೈದು ಎಬ್ಬಿಸುತ್ತಿದ್ದೆ. ಕೀ ತಿರುಗಿಸಿದ, ರೇಡಿಯೋ ಹಾಡಿತು. ಎಡಗಿವಿಯನ್ನು ಹತ್ತಿರ ತಂದು ಕೇಳಿದ. ಮಾರನೇ ದಿನ ಬಂದು ಒಪ್ಪಿಗೆ ಪತ್ರಕ್ಕೆ ಎಡಗೈಯಲ್ಲೇ ರುಜು ಹಾಕಿದ. ಬರುವ ತಿಂಗಳು ನಿನ್ನನ್ನು ಬಿಡುತ್ತಾರಂತೆ. ನಿಮ್ಮಮ್ಮ ಆಗಲೇ ನಿನ್ನ ಅಂಗಿಗಳನ್ನು ಒಗೆದು ಇಸ್ತ್ರಿ ಮಾಡಿದ್ದಾಳೆ. ನೀನು ದಪ್ಪಗಾಗಿದ್ದೀಯೋ ಸಣ್ಣಗಾಗಿದ್ದೀಯೋ ಎಂಬುದೇ ಅವಳ ದೊಡ್ಡ ಚಿಂತೆ.

ನೂರು ಕಾಲ ಬಾಳು ಮಗನೇ. ನಿನ್ನ ಕೈಗೆ ಇನ್ನು ಮೇಲೆ ಒಳ್ಳೆಯ ಕೆಲಸವೇ ಸಿಗಲಿ.

ನಿನ್ನ
ಅಪ್ಪ

ಮರೆತ ಮಾತು: ಮರೆತಿರಲಿಲ್ಲ, ಬರೆಯಲು ಆಗಲಿಲ್ಲ. ಈ ಕಾಗದವನ್ನು ಜೈಲಿನವರು ಓದಿಯೇ ನಿನಗೆ ಕೊಡುತ್ತಾರೆ. ಓದಲಿ. ಬ್ರೆಡ್ಡಿನವನಿಗೆ ನಾನು ಸುಳ್ಳು ಹೇಳಿದೆ. ಅವತ್ತು ನೀನು ಬಾಯಿ ತುಂಬ ರಕ್ತ ಇಟ್ಟುಕೊಂಡು "ಅಪ್ಪಾ, ಹತ್ತು" ಅಂದಿದ್ದೆ. ಅರಚಾಟದಲ್ಲಿ ಅವನಿಗೆ ಕೇಳಿಸಿರಲಿಲ್ಲ, ನನಗೆ ಕೇಳಿಸಿತ್ತು. ಹತ್ತು ಬೇಕಾಗುವುದು ಬ್ಯಾಟರಿಯ ಬೋಲ್ಟಿಗೆ. ಬ್ಯಾಟರಿ ಬಿಚ್ಚಿ, ಅದು ಅವನ ಹೊಸ ಬ್ಯಾಟರಿಯೇ ಎಂದು ತೋರಿಸಿ, ಜಗಳ ಮುಗಿಸಬೇಕೆಂದಿದ್ದೆ ನೀನು. ಹತ್ತನ್ನು ನಾನು ಸ್ಪ್ಯಾನರ್ ನೇತುಹಾಕುವ ಬೋರ್ಡಿನಿಂದ ತೆಗೆದೂ ಆಗಿತ್ತು. ಅಷ್ಟರಲ್ಲಿ ನೆಲದ ಮೇಲಿದ್ದ ನಿನ್ನ ಹಲ್ಲು ಕಣ್ಣಿಗೆ ಬಿತ್ತು. ಹತ್ತನ್ನು ಜೇಬಿಗೆ ಹಾಕಿಕೊಂಡು, ಮೊಣಕೈಯುದ್ದದ ಮೂವತ್ತೆರಡು ನಂಬರಿನ ಸ್ಪ್ಯಾನರ್ ಅನ್ನು ನಿನ್ನ ಕೈಗೆ ಇಟ್ಟೆ. ನೀನು ತಿರುಗಿ ಅದನ್ನೊಮ್ಮೆ ನೋಡಿದೆ, ನನ್ನನ್ನೊಮ್ಮೆ ನೋಡಿದೆ. ನಾನು ತಲೆಯಾಡಿಸಿದೆ. ಕೋರ್ಟಿನಲ್ಲಿ ನೀನು "ಕೈಗೆ ಸಿಕ್ಕಿದ್ದರಲ್ಲಿ ಹೊಡೆದೆ" ಅಂದೆ, ಅಷ್ಟೇ. ಅವತ್ತಿನಿಂದ ನನ್ನ ಮುಖ ನೋಡಿಲ್ಲ. ನಿನ್ನನ್ನು ಬಿಡುವ ದಿನ ನಾನು ಗೇಟಿನ ಹತ್ತಿರ ಬರಲೋ, ನಿಮ್ಮಮ್ಮನೊಬ್ಬಳನ್ನೇ ಕಳಿಸಲೋ? ಅದೊಂದನ್ನು ಬರೆ.